ಬಾಡಿಗೆದಾರರ, ಕೆಲಸದವರ ಪೂರ್ವಾಪರ: ನಾನು ಕೇಳುವುದು, ಕೇಳದೆ ಬಿಡುವುದು

ಮಂಗಳೂರಿನಲ್ಲಿ ಫ್ಲ್ಯಾಟ್ ಇರುವ ಎಷ್ಟೋ ಜನ ಮಂಗಳೂರಿನಲ್ಲೇ ಇಲ್ಲ. ದುಬೈ, ಕುವೈತ್, ಮುಂಬೈ ಅಂತ ಇರುತ್ತಾರೆ. ಅಂಥವರ ಮನೆ ನೋಡಿಕೊಳ್ಳುವುದು ನನ್ನ ಕೆಲಸ. ಬಾಡಿಗೆಗೆ ಜನ ಹುಡುಕಬೇಕು, ಅವರ ಪೂರ್ವಾಪರ ವಿಚಾರಿಸಬೇಕು, ಅಗ್ರಿಮೆಂಟ್ ಮಾಡಿಸಬೇಕು. ಊರಲ್ಲಿರುವ ಅಪ್ಪ ಅಮ್ಮನಿಗೆ ಹೋಮ್ ನರ್ಸ್, ಅಡುಗೆಯವರು, ಡ್ರೈವರ್ ಗೊತ್ತು ಮಾಡುವುದೂ ಕೊನೆಗೆ ನನ್ನ ತಲೆಗೇ ಬರುತ್ತದೆ.

ಓನರ್ ಫೋನ್ ಮಾಡಿದರೆ ಮೊದಲ ಮಾತು ಇದೇ: "ಅಣ್ಣ, ಅವರ ಆಧಾರ್, ಪ್ಯಾನ್, ಫೋಟೋ ಎಲ್ಲ ವಾಟ್ಸಾಪ್ ಮಾಡಿ ಆಯ್ತಾ?" ನಾನು ಮಾಡುವುದಿಲ್ಲ. ಜೆರಾಕ್ಸ್ ರಾಶಿ ಹಾಕಿಕೊಂಡ ಮಾತ್ರಕ್ಕೆ ವಿಚಾರಿಸಿದ ಹಾಗೆ ಆಗುವುದಿಲ್ಲ. ಆಧಾರ್ ಪ್ರತಿ ನೋಡಿ ಒಬ್ಬರು ಬಾಡಿಗೆ ಸರಿಯಾಗಿ ಕೊಡುತ್ತಾರೋ ಇಲ್ಲವೋ ಅಂತ ಹೇಳಲಿಕ್ಕೆ ಆಗುತ್ತದಾ?

ಬಾಡಿಗೆಗೋ ಕೆಲಸಕ್ಕೋ ಬಂದವರ ಮುಂದೆ ನಾನು ಮೊದಲು ಇಡುವುದು ಒಂದು ಹಾಳೆ. ಏನೇನು ವಿಚಾರಿಸುತ್ತೇನೆ, ಯಾರಿಗೆ ಫೋನ್ ಮಾಡುತ್ತೇನೆ, ಯಾತಕ್ಕೆ, ಆ ವಿವರ ಎಷ್ಟು ದಿನ ನನ್ನ ಹತ್ತಿರ ಇರುತ್ತದೆ, ಬೇಡ ಅನ್ನಿಸಿದರೆ ಒಪ್ಪಿಗೆ ಹೇಗೆ ವಾಪಸ್ ಪಡೆಯಬಹುದು, ಇಷ್ಟು ಅದರಲ್ಲಿರುತ್ತದೆ. ಓದಿ ಸಹಿ ಹಾಕಿದ ಮೇಲೆಯೇ ಮುಂದಿನ ಕೆಲಸ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಕಲಮುಗಳ ಜಾರಿಗೆ 18 ತಿಂಗಳು ಸಮಯ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಕಾಯುವುದು ಯಾಕೆ ಅಂತ ನಾನು ಈಗಲೇ ಶುರು ಮಾಡಿದೆ. ದಂಡದ ಮಿತಿ 250 ಕೋಟಿವರೆಗೆ ಇದೆ. ನನ್ನಂಥವನಿಗೆ ಅಷ್ಟು ಹಾಕಲಿಕ್ಕಿಲ್ಲ ಬಿಡಿ, ಆದರೆ ಅದರ ಸಣ್ಣ ಚೂರು ಬಿದ್ದರೂ ನಾನು ಬಾಗಿಲು ಹಾಕಬೇಕು.

ಈ ಕಾಯ್ದೆ ಡಿಜಿಟಲ್ ರೂಪದ ವಿವರಕ್ಕೆ ಅನ್ವಯಿಸುತ್ತದೆ. ಹಾಗಂತ ಪುಸ್ತಕದಲ್ಲಿ ಬರೆದುಕೊಂಡು ಅದರ ಫೋಟೋ ಹೊಡೆದು ಕಳಿಸಿದರೆ ಅದೂ ಡಿಜಿಟಲ್ಲೇ. ಇನ್ನೊಂದು ತಮಾಷೆ. ಈ ಹಾಳೆಯನ್ನು, ಅಂದರೆ ಕಾಯ್ದೆ ಹೇಳುವ ನೋಟಿಸನ್ನು, ಇಂಗ್ಲಿಷ್‌ನಲ್ಲೋ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಯಲ್ಲೋ ಓದುವ ಅವಕಾಶ ಕೊಡಬೇಕು. ಆ ಪಟ್ಟಿಯಲ್ಲಿ ಕನ್ನಡ ಉಂಟು, ಕೊಂಕಣಿಯೂ ಉಂಟು, ತುಳು ಇಲ್ಲ. ಹಾಗಾಗಿ ಕನ್ನಡದಲ್ಲಿ ಅಚ್ಚು ಹಾಕಿಸಿ, ತುಳುವಿನಲ್ಲಿ ವಿವರಿಸಿ, ಕನ್ನಡದಲ್ಲಿ ಸಹಿ ಹಾಕಿಸುತ್ತೇನೆ.

ಗುರುತಿಗೆ ಯಾವುದಾದರೂ ಒಂದು ಚೀಟಿ ಸಾಕು. ವೋಟರ್ ಐಡಿ, ಲೈಸೆನ್ಸ್, ಪಾಸ್‌ಪೋರ್ಟ್, ಅವರಿಗೆ ಇಷ್ಟವಾದದ್ದು. ಆಧಾರೇ ಬೇಕು ಅಂತ ಖಾಸಗಿಯವರು ಹಟ ಹಿಡಿಯುವ ದಾರಿಯನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ ತೀರ್ಪಿನಲ್ಲೇ ಮುಚ್ಚಿದೆ. ಅವರಾಗಿಯೇ ಆಧಾರ್ ಕೊಟ್ಟರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಕೇಳುತ್ತೇನೆ.

ಕೋರ್ಟ್ ಕೇಸ್ ನೋಡುವ ವಿಷಯಕ್ಕೆ ಬರೋಣ, ಜಾಸ್ತಿ ಎಡವಟ್ಟು ಆಗುವುದು ಇಲ್ಲೇ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹೆಸರು ಹಾಕಿ ಹುಡುಕಬಹುದು, ದುಡ್ಡಿಲ್ಲ. ಜಿಲ್ಲೆ, ಕೋರ್ಟ್ ಸಂಕೀರ್ಣ, ಹೆಸರು, ವರ್ಷ ಕೊಟ್ಟರೆ ಪಟ್ಟಿ ಬರುತ್ತದೆ. ಆದರೆ ನಮ್ಮ ಊರಲ್ಲಿ ಶೆಟ್ಟಿ, ಪೂಜಾರಿ, ಡಿಸೋಜ ಅಂತ ಹಾಕಿದರೆ ಏನಾಗುತ್ತದೆ ಅಂತ ನೀವೇ ಊಹಿಸಿ. ಬಂಟ್ವಾಳದ ಹುಡುಗನಿಗೆ ಕುಂದಾಪುರದವನ ಕೇಸ್ ಅಂಟಿಸಲು ಒಂದು ನಿಮಿಷ ಸಾಕು. ತಂದೆಯ ಹೆಸರು, ವಿಳಾಸ ಹೊಂದಿಕೆಯಾಗದೆ ನಾನು ಯಾವ ಕೇಸನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೇಸಿನ ಜಾತಕವನ್ನೂ ನೋಡಬೇಕು. ಎಂವಿಸಿ ಅಂತಿದ್ದರೆ ಅದು ರಸ್ತೆ ಅಪಘಾತದ ಪರಿಹಾರದ ಅರ್ಜಿ. ಪಾಪ, ಕಾಲು ಮುರಿದುಕೊಂಡು ಪರಿಹಾರ ಕೇಳಿದವರು ಅವರೇ ಇರಬಹುದು. 138ನೇ ಕಲಂ ಅಂದರೆ ಚೆಕ್ ಬೌನ್ಸ್. ಅದರಲ್ಲೂ ಇವರು ದೂರು ಕೊಟ್ಟವರೋ, ಚೆಕ್ ಕೊಟ್ಟವರೋ ನೋಡಬೇಕು. ಎಫ್ಐಆರ್ ಆದ ಕೂಡಲೇ ಶಿಕ್ಷೆ ಆದ ಹಾಗೂ ಅಲ್ಲ. ಏನಾದರೂ ಸಿಕ್ಕರೆ ಓನರ್‌ಗೆ ಹೇಳುವ ಮೊದಲು ಅವರನ್ನೇ ಕರೆದು ಕೇಳುತ್ತೇನೆ. ಒಬ್ಬ ಡ್ರೈವರನ್ನು ಹೀಗೆ ಕೇಳಿದಾಗ ಅವರು ನಕ್ಕುಬಿಟ್ಟರು. "ಮಾರಾಯ್ರೆ, ಅದು ನಮ್ಮ ದಾಯಾದಿಗಳ ಜಾಗದ ತಕರಾರು. ನನ್ನ ಅಜ್ಜನ ಕಾಲದ್ದು." ಕಾಗದ ತಂದು ತೋರಿಸಿದರು, ಕೆಲಸಕ್ಕೂ ಸೇರಿದರು.

ಇನ್ನು "ನಮಗೆ ಗುರ್ತದ ಪೊಲೀಸ್ ಒಬ್ಬರಿದ್ದಾರೆ, ಒಳಗಿಂದ ಕೇಳಿ ನೋಡುವ" ಎನ್ನುವ ಓನರ್‌ಗಳು. ಆ ದಾರಿಗೆ ನಾನು ಹೋಗುವುದಿಲ್ಲ. ಕೆಲಸದವರಾದರೆ ಸೇವಾ ಸಿಂಧುವಿನಲ್ಲಿ ಪೊಲೀಸ್ ಪರಿಶೀಲನೆಗೆ ಅರ್ಜಿ ಹಾಕುವ ವ್ಯವಸ್ಥೆ ಇದೆ, ಶುಲ್ಕ ಓನರ್ ಕೊಡಲಿ. ಬಾಡಿಗೆದಾರರಾದರೆ ಆಯಾ ಠಾಣೆಗೆ ವಿವರ ಕೊಟ್ಟು, ನನ್ನ ಪ್ರತಿಗೆ ಸೀಲ್ ಹಾಕಿಸಿಕೊಳ್ಳುತ್ತೇನೆ. ವಿವರ ಕೊಡಲೇಬೇಕು ಅಂತ ಮಂಗಳೂರಿನ ಪೊಲೀಸ್ ಆಯುಕ್ತರೋ ಜಿಲ್ಲಾಧಿಕಾರಿಗಳೋ ಆದೇಶ ಹೊರಡಿಸಿದ್ದಾಗ ಉಪೇಕ್ಷೆ ಮಾಡಿದರೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 223ನೇ ಕಲಮಿನಡಿ ಕೇಸ್ ಬೀಳಬಹುದು, ಅದೂ ಮನೆ ಓನರ್ ಮೇಲೆ. ಮಣಿಪಾಲದ ಕಡೆ ಮನೆ ಇರುವವರಿಗೆ ಇನ್ನೊಂದು ಮಾತು. ವಿದೇಶಿ ವಿದ್ಯಾರ್ಥಿ ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವರದಿ ಮಾಡಬೇಕು. ನಾವೆಲ್ಲ ಸಿ ಫಾರಂ ಅಂತ ಕರೆಯುವುದು ಅದನ್ನೇ. ಹೋಟೆಲಿಗೆ ಮಾತ್ರ ಅಂದುಕೊಂಡು ಸುಮ್ನೆ ಇರುವವರು ತುಂಬ ಜನ.

ಸಿಬಿಲ್ ಸ್ಕೋರ್, ಅಂದರೆ ಸಾಲ ತೀರಿಸಿದ ಚರಿತ್ರೆಗೆ ಕೊಡುವ ಅಂಕ, ಬೇಕು ಎನ್ನುವವರೂ ಸಿಗುತ್ತಾರೆ. ಬೇರೆಯವರ ಸಿಬಿಲ್ ವರದಿ ತೆಗೆಯಲು ಮನೆ ಓನರ್‌ಗೆ ಅಧಿಕಾರವೇ ಇಲ್ಲ. ಬಾಡಿಗೆದಾರರು ತಮ್ಮದನ್ನು ತಾವೇ ತೆಗೆದು ತೋರಿಸಬಹುದು, ಅಷ್ಟೆ. ಅದಕ್ಕಿಂತ ಹಳೆಯ ಮನೆಯ ಮೆಸ್ಕಾಂ ಬಿಲ್ ಬಾಕಿ ಇದೆಯಾ ಅಂತ ಕೇಳಿದರೆ ಜಾಸ್ತಿ ಗೊತ್ತಾಗುತ್ತದೆ.

ಹೋಮ್ ನರ್ಸ್ ವಿಷಯದಲ್ಲಿ ನಾನು ಒಂದು ಗೆರೆ ಎಳೆದಿದ್ದೇನೆ. "ಎಚ್ಐವಿ ಟೆಸ್ಟ್ ಮಾಡಿಸಿಯೇ ಕಳಿಸಿ" ಅಂದರೆ ಆ ಕೆಲಸವೇ ಬೇಡ ಅನ್ನುತ್ತೇನೆ. 2017ರ ಎಚ್ಐವಿ ಕಾಯ್ದೆ ಪ್ರಕಾರ ಕೆಲಸ ಕೊಡಲು ಆ ಪರೀಕ್ಷೆಯ ಷರತ್ತು ಹಾಕುವಂತಿಲ್ಲ. ಆ ಕಾರಣಕ್ಕೆ ಬಾಡಿಗೆ ಮನೆ ನಿರಾಕರಿಸುವಂತೆಯೂ ಇಲ್ಲ. ನರ್ಸಿಂಗ್ ಓದಿದ್ದೇನೆ ಅಂದವರದ್ದು ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ನೋಡುತ್ತೇನೆ. ಸರ್ಟಿಫಿಕೇಟಿನ ಒರಿಜಿನಲ್ ಅಲ್ಲೇ ನೋಡಿ ಅಲ್ಲೇ ವಾಪಸ್. ಒರಿಜಿನಲ್ ಇಟ್ಟುಕೊಂಡು ಆಳನ್ನು ಕಟ್ಟಿಹಾಕುವ ಚಾಳಿ ನನಗೆ ಹಿಡಿಸುವುದಿಲ್ಲ. ಜಾತಿ, ಧರ್ಮದ ಕಾಲಂ ನನ್ನ ಹಾಳೆಯಲ್ಲೇ ಇಲ್ಲ. ಓನರ್ ಕೇಳಿದರೂ ತುಂಬಿಸುವುದಿಲ್ಲ.

ನಿಜವಾದ ವಿಚಾರಣೆ ನಡೆಯುವುದು ಫೋನ್‌ನಲ್ಲಿ. ಹಳೆಯ ಓನರ್‌ಗೆ, ಹಳೆಯ ಯಜಮಾನರಿಗೆ. ಎಷ್ಟು ಸಮಯ ಇದ್ದರು, ಅಡ್ವಾನ್ಸಿನಲ್ಲಿ ಎಷ್ಟು ಮುರಿದುಕೊಂಡಿರಿ, ಪುನಃ ಬಂದರೆ ಕೊಡುತ್ತೀರಾ? ಮೂರನೆಯ ಪ್ರಶ್ನೆಗೆ ಅವರು ಸ್ವಲ್ಪ ತಡೆದು ಉತ್ತರಿಸಿದರೆ ನನಗೆ ಬೇಕಾದ್ದು ಸಿಕ್ಕಿತು. ಈಗ ಕೆಲಸ ಮಾಡುತ್ತಿರುವ ಜಾಗಕ್ಕೆ ಮಾತ್ರ ಅವರು ಹೇಳದೆ ಫೋನ್ ಮಾಡುವುದಿಲ್ಲ. ಇರುವ ಕೆಲಸಕ್ಕೂ ಕುತ್ತು ಬಂದರೆ ಯಾರು ಹೊಣೆ? ಕೇಳಿದ ದೂರನ್ನು ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕುವುದೂ ಇಲ್ಲ. ಅದು ಮಾನಹಾನಿಗೆ ನೇರ ದಾರಿ.

ಕೊನೆಗೆ ಓನರ್‌ಗೆ ಹೋಗುವುದು ಅರ್ಧ ಪುಟದ ಟಿಪ್ಪಣಿ. ಯಾವ ಚೀಟಿ ನೋಡಿದೆ, ಯಾವ ತಾರೀಖಿಗೆ, ಯಾರ ಜೊತೆ ಮಾತಾಡಿದೆ, ನನ್ನ ಅಭಿಪ್ರಾಯ ಏನು. ಮನೆ ಸಿಗದವರ, ಕೆಲಸ ಸಿಗದವರ ವಿವರ ತಿಂಗಳೊಳಗೆ ಅಳಿಸುತ್ತೇನೆ, ಫೋನ್ ಗ್ಯಾಲರಿಯಿಂದಲೂ. ಇದಕ್ಕೆಲ್ಲ ನನ್ನ ಫೀಸು ಓನರ್ ಕೊಡುತ್ತಾರೆ. ಬಾಡಿಗೆಗೆ ಬಂದವರಿಂದ, ಕೆಲಸ ಕೇಳಿಕೊಂಡು ಬಂದವರಿಂದ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ.