ಗಾಡಿ ಎತ್ತುವ ಮೊದಲು ಕಾಟಾ ಮೇಲೆ ನಿಲ್ಲಿಸಿ

ಹಳೆಯ ಮಹೀಂದ್ರಾ ಎಂಎಂ 540 ಜೀಪಿನ ಚಾಸಿಗೆ ಹಿಂದೆ ತೊಟ್ಟಿ ಕೂರಿಸಿ ಕಟ್ಟಿಸಿಕೊಂಡ ಗಾಡಿ ನನ್ನದು. ಮೊದಲ ಸಲ ಸಸ್ಪೆನ್ಷನ್ ಕೆಲಸ ಮಾಡಿಸಿದಾಗ ಮಿಸ್ತ್ರಿ ನಾಲ್ಕೂ ಕಮಾನುಗಳಿಗೆ, ಅಂದರೆ ಉಕ್ಕಿನ ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗುಗಳಿಗೆ, ಎರಡೆರಡು ಪಟ್ಟಿ ಹೆಚ್ಚಿಗೆ ಸೇರಿಸಿದ. ಗಾಡಿ ಎತ್ತರವಾಯಿತು, ನೋಡಲು ಗತ್ತೂ ಬಂತು. ಚಿತ್ತಾಪುರದ ಕಡೆಯ ಕಲ್ಲುಗಣಿ ದಾರಿಗೆ ಇಳಿಸಿದಾಗ ಬಣ್ಣ ಬಯಲಾಯಿತು. ಕಮಾನು ಗಡಸಾಗಿದ್ದರಿಂದ ತಗ್ಗು ಬಂದರೆ ಚಕ್ರ ಕೆಳಗಿಳಿಯದೆ ಗಾಳಿಯಲ್ಲಿ ಸುಮ್ಮನೆ ತಿರುಗುತ್ತಿತ್ತು. ನೆಲ ಮುಟ್ಟದ ಚಕ್ರಕ್ಕೆ ಫೋರ್‌ವೀಲ್ ಡ್ರೈವ್ ಇದ್ದೇನು ಪ್ರಯೋಜನ? ಎತ್ತರಕ್ಕಿಂತ ಮೊದಲು ಚಕ್ರಕ್ಕೆ ಮೇಲೆ ಕೆಳಗೆ ಆಡುವ ಆಸ್ಪದ ಬೇಕು. ಎರಡನೆಯ ಸಲ ಅನುಸರಿಸಿದ ಕ್ರಮ ಹೀಗಿದೆ.

ಕೆಲಸ ಶುರುವಾಗುವುದು ತೂಕದ ಕಾಟಾದಲ್ಲಿ. ದಾಲ್ ಮಿಲ್ಲುಗಳ ಊರಾದ ಕಲಬುರಗಿಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ಒಮ್ಮೆ, ಹಿಂದಿನವನ್ನಷ್ಟೇ ನಿಲ್ಲಿಸಿ ಇನ್ನೊಮ್ಮೆ ತೂಗಿಸಿ. ಖಾಲಿ ಗಾಡಿಯ ತೂಕವೂ ಬೇಕು, ನಿತ್ಯದ ಹೊರೆ ಹೇರಿದಾಗಿನ ತೂಕವೂ ಬೇಕು. ಐದು ಕ್ವಿಂಟಲ್ ತೊಗರಿ ಒಯ್ಯುವವರಿಗೆ ಹೊಂದುವ ಕಮಾನು, ನೀರಿನ ಕ್ಯಾನು ಹಾಕಿಕೊಂಡು ಸುತ್ತಾಡುವವರಿಗೆ ಹೊಂದುವುದಿಲ್ಲ. ಬಳಿಕ ಸಮನೆಲದಲ್ಲಿ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ.

ಇನ್ನು ಪಟ್ಟಿಯ ಆಯ್ಕೆ. ಹೆಚ್ಚಿನವರು ಎಡವುವುದು ಇಲ್ಲೇ. ಪಟ್ಟಿಯ ಗಡಸು ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 6 ಮಿ.ಮೀ. ಪಟ್ಟಿ ತೆಗೆದು ಅಷ್ಟೇ ಉದ್ದ, ಅಷ್ಟೇ ಅಗಲದ 8 ಮಿ.ಮೀ. ಪಟ್ಟಿ ಹಾಕಿದರೆ ಗಡಸು ಸುಮಾರು 2.4 ಪಟ್ಟಾಗುತ್ತದೆ. ‘ಎರಡೇ ಮಿಲಿಮೀಟರ್ ತಾನೇ’ ಎಂದವರ ಸೊಂಟವೇ ಇದಕ್ಕೆ ಸಾಕ್ಷಿ. ನಡುವೆ ದಪ್ಪವಾಗಿ ತುದಿಗೆ ತೆಳುವಾಗುವ ಪ್ಯಾರಬೋಲಿಕ್ ಪಟ್ಟಿಗಳು ಸಿಕ್ಕರೆ ಒಳ್ಳೆಯದು. ಅವುಗಳ ಸಂಖ್ಯೆ ಕಡಿಮೆ, ಒಂದಕ್ಕೊಂದು ತಿಕ್ಕುವುದೂ ಕಡಿಮೆ. ಹಳೆಯ ಪಟ್ಟಿಯನ್ನೇ ಗ್ಯಾಸಿನಲ್ಲಿ ಕಾಯಿಸಿ ಬಾಗಿಸಿ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಉಕ್ಕಿನ ಹದ ಕೆಟ್ಟು ಪಟ್ಟಿ ಮತ್ತೆ ಕುಗ್ಗುತ್ತದೆ ಇಲ್ಲವೆ ಮುರಿಯುತ್ತದೆ. ವೆಲ್ಡಿಂಗ್ ಮಾತೇ ಬೇಡ.

ಹಣ ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲೊಮ್ಮೆ ಕೇಳಿಕೊಳ್ಳಿ. ತಯಾರಕರು ನಮೂದಿಸಿದ್ದಕ್ಕಿಂತ ನೋಂದಣಿ ಪತ್ರದ ವಿವರ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ.

ಬಿಚ್ಚುವ ಹಿಂದಿನ ರಾತ್ರಿಯೇ ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಡಿ. ಎರೆ ನೆಲದಲ್ಲಿ ಜಾಕ್ ಹೂತುಕೊಳ್ಳುತ್ತದೆ. ಶಹಾಬಾದ್ ಫರಸಿಯ ಮೇಲೂ ಬೇಡ, ಭಾರವೆಲ್ಲ ಒಂದೇ ಕಡೆ ಬಿದ್ದರೆ ಫರಸಿ ಸೀಳುತ್ತದೆ. ದಪ್ಪ ಮರದ ಹಲಗೆ ಹಾಸಿಕೊಳ್ಳಿ. ಚಾಸಿಯ ಕೆಳಗೆ ಸ್ಟ್ಯಾಂಡ್, ಆಕ್ಸಲ್‌ಗೆ ಬೇರೆಯೇ ಜಾಕ್ ಕೊಟ್ಟು, ಒಂದು ಬದಿ ಕಟ್ಟಿ ಮುಗಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಿ. ಆಗ ಆಕ್ಸಲ್ ಜರುಗುವುದಿಲ್ಲ.

ಕಮಾನು ಕೂರಿಸುವಾಗ ಪಟ್ಟಿಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಮೇಲಿನ ಕುಳಿಯಲ್ಲಿ ಸರಿಯಾಗಿ ಇಳಿಯಬೇಕು. ಕಮಾನನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟುಗಳು ಹೊಸವೇ ಇರಲಿ. ಒಮ್ಮೆ ಬಿಗಿದು ಹಿಗ್ಗಿದ ಹಳೆಯವು ಬೇಡ. ಕಮಾನಿನ ತುದಿಯನ್ನು ಚಾಸಿಗೆ ಜೋಡಿಸುವ ಆಡುಕೊಂಡಿಯ (ಶ್ಯಾಕಲ್) ಬೋಲ್ಟುಗಳನ್ನು ಸದ್ಯಕ್ಕೆ ಸಡಿಲವಾಗಿಟ್ಟು, ಗಾಡಿ ತನ್ನ ಚಕ್ರಗಳ ಮೇಲೆ ನಿಂತ ಬಳಿಕ ಪೂರ್ತಿ ಬಿಗಿಯಿರಿ. ಇಲ್ಲದಿದ್ದರೆ ರಬ್ಬರ್ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ, ಕಮಾನಿನ ಕುಣಿತವನ್ನು ತಗ್ಗಿಸುತ್ತದೆ. ಒಂದು ಚಕ್ರವನ್ನು ದಿಬ್ಬಕ್ಕೆ ಹತ್ತಿಸಿದಾಗ ಆ ಬದಿ ಕುಗ್ಗುತ್ತದೆ, ಎದುರು ಬದಿ ಜೋತು ಬೀಳುತ್ತದೆ. ಎರಡೂ ಬದಿಯಲ್ಲಿ ಶಾಕಿನ ಮೇಲಿನ ತುದಿ ಮತ್ತು ಕೆಳಗಿನ ತುದಿ ಕೂರುವ ಜಾಗಗಳ ನಡುವಿನ ಅಂತರ ಅಳೆಯಿರಿ. ಪೂರ್ತಿ ಚಾಚಿದ ಶಾಕ್ ದೊಡ್ಡ ಅಳತೆಗಿಂತ ತುಸು ಉದ್ದವಿರಬೇಕು, ಪೂರ್ತಿ ಮಡಚಿದ್ದು ಚಿಕ್ಕ ಅಳತೆಗಿಂತ ಗಿಡ್ಡವಿರಬೇಕು. ಇದೇ ಸ್ಥಿತಿಯಲ್ಲಿ ಬ್ರೇಕ್ ಪೈಪು ಬಿಗಿಯಾಗಿ ಎಳೆದುಕೊಂಡಿದೆಯೇ, ಟೈರು ಎಲ್ಲಾದರೂ ತಾಗುತ್ತಿದೆಯೇ ನೋಡಿ. ಓಡಿಸುವಾಗ, ಎಂಜಿನ್ನಿನ ಬಲವನ್ನು ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ನಡುಗಿದರೆ ಅದರ ಓರೆ ಹೆಚ್ಚಾಗಿದೆ ಎಂದು ತಿಳಿಯಿರಿ. ಸ್ಟೀರಿಂಗ್ ಅತ್ತಿತ್ತ ಅಲೆದರೆ ಮುಂದಿನ ಆಕ್ಸಲ್ ಮತ್ತು ಕಮಾನಿನ ನಡುವೆ ಉಕ್ಕಿನ ಬೆಣೆ ಕೊಡಿಸಿ ಆಕ್ಸಲಿನ ಕೋನ ಸರಿಪಡಿಸಬೇಕಾಗಬಹುದು.

ಮೊದಲು ಮೊರಂ ದಾರಿಯಲ್ಲಿ ನಿಧಾನವಾಗಿ ಓಡಿಸಿ. 50 ಕಿ.ಮೀ. ಆದ ಮೇಲೊಮ್ಮೆ, 500 ಕಿ.ಮೀ. ಆದ ಮೇಲೊಮ್ಮೆ ಯು-ಬೋಲ್ಟುಗಳನ್ನು ಮತ್ತೆ ಬಿಗಿಯಿರಿ. ನನ್ನ ಗಾಡಿಯಲ್ಲಿ ಮೊದಲ ಸಲವೇ ಪ್ರತಿ ನಟ್ಟೂ ಕಾಲು ಸುತ್ತು ತಿರುಗಿತು.