ಚಿತ್ರದುರ್ಗದ ಕೋಟೆಯ ಪಕ್ಕದಲ್ಲಿಟ್ಟು ಭೂತಾನ್ ಪಾಠ ಮಾಡಿದೆ

ನಾನು ಚಿತ್ರದುರ್ಗದಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಹೊರದೇಶ ಅಂದರೆ ರಾಜಧಾನಿ, ನಾಣ್ಯ, ಭಾಷೆ ಅಂತ ಸುಮ್ನೆ ಪಟ್ಟಿ ಬರೆಸುವುದು ನನಗೆ ಹಿಡಿಸುವುದಿಲ್ಲ. ಪರೀಕ್ಷೆ ಮುಗಿದ ಮರುದಿನವೇ ಅದು ಮರೆತುಹೋಗುತ್ತದೆ. ಹಾಗಾಗಿ ಭೂತಾನನ್ನು ನಮ್ಮ ಜಿಲ್ಲೆಯ ಪಕ್ಕದಲ್ಲಿಟ್ಟು ಪಾಠ ಮಾಡಿದೆ.

ಮೊದಲು ಅಳತೆ. ಭೂತಾನ್ ಸುಮಾರು 38,000 ಚದರ ಕಿ.ಮೀ. ಇದೆ, ನಮ್ಮ ಜಿಲ್ಲೆಯ ನಾಲ್ಕೂವರೆ ಪಟ್ಟು. ಜನ ಮಾತ್ರ 8 ಲಕ್ಷದ ಆಸುಪಾಸು. ನಮ್ಮಲ್ಲಿ 2011ರ ಜನಗಣತಿಯಲ್ಲೇ 16 ಲಕ್ಷ ದಾಟಿತ್ತು. "ಅಷ್ಟು ಜಾಗಕ್ಕೆ ಇಷ್ಟೇ ಜನಾನಾ ಸಾರ್?" ಅಂತ ಮಕ್ಕಳೇ ಕೇಳಿದರು. ಆ ಪ್ರಶ್ನೆ ಬಂದ ಮೇಲೆಯೇ ನಕಾಶೆ ಬಿಚ್ಚಬೇಕು. ದಕ್ಷಿಣದ ಅಂಚಿನಲ್ಲಿ ಕೆಲವು ಕಡೆ ನೆಲ 200 ಮೀಟರ್ ಎತ್ತರವೂ ಇಲ್ಲ. ಉತ್ತರದ ಗಡಿಯಲ್ಲಿ ಗಂಗ್‌ಖರ್ ಪುಯೆನ್ಸುಮ್ ಶಿಖರ 7,570 ಮೀಟರ್. ಉಳುವುದಕ್ಕೆ ಸಿಗುವುದು ಕಣಿವೆಯ ತುಂಡು ನೆಲ ಅಷ್ಟೇ. ಆದರೆ ಇಳಿಜಾರಿನಲ್ಲಿ ಧುಮುಕುವ ನದಿಗಳಿವೆ. ಅದರಿಂದ ಕರೆಂಟ್ ತಯಾರಿಸಿ ಭಾರತಕ್ಕೆ ಮಾರುತ್ತಾರೆ. ಗುಡ್ಡದ ಮೇಲೆ ಗಾಳಿಯಂತ್ರ ನೋಡುತ್ತಾ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ದೇಶದ 60% ನೆಲ ಯಾವಾಗಲೂ ಕಾಡಾಗಿಯೇ ಇರಬೇಕು ಅಂತ ಅವರ ಸಂವಿಧಾನದಲ್ಲೇ ಬರೆದಿದೆ.

ಮಕ್ಕಳು ಜಾಸ್ತಿ ಹೊತ್ತು ನಿಂತಿದ್ದು ಕೋಟೆಯ ವಿಷಯದಲ್ಲಿ. ಅಲ್ಲಿನ ಕೋಟೆಗೆ ಜೋಂಗ್ ಅನ್ನುತ್ತಾರೆ. ಪುನಾಖಾ ಜೋಂಗ್ ಎರಡು ನದಿ ಸೇರುವಲ್ಲಿದೆ, 17ನೇ ಶತಮಾನದ್ದು. ನಮ್ಮ ಏಳುಸುತ್ತಿನ ಕೋಟೆಯಲ್ಲಿ ಈಗ ಆಡಳಿತವಿಲ್ಲ. ಅಲ್ಲಿ ಒಂದು ಕಡೆ ಜಿಲ್ಲಾ ಕಚೇರಿ, ಇನ್ನೊಂದು ಕಡೆ ಬೌದ್ಧ ಭಿಕ್ಷುಗಳ ಮಠ, ಎರಡೂ ಇವತ್ತಿಗೂ ನಡೆಯುತ್ತಿವೆ. ಸರ್ಕಾರ ಮತ್ತು ಸಂಸ್ಕೃತಿ ಅಂತ ಎರಡು ಪಾಠ ಬೇರೆ ಬೇರೆ ಮಾಡುವ ಅಗತ್ಯವೇ ಬೀಳಲಿಲ್ಲ, ಒಂದೇ ಚಿತ್ರ ಸಾಕಾಯಿತು.

ಊಟದ ಮಾತು ಬೇಗ ಮುಗಿಯಿತು. ಎಮಾ ದಾತ್ಶಿಯಲ್ಲಿ ಮೆಣಸಿನಕಾಯಿಯೇ ತರಕಾರಿ, ಜೊತೆಗೆ ಚೀಸ್. ಮಿರ್ಚಿ ತಿನ್ನುವ ಊರಿನವರಿಗೆ ಇದೇನು ಹೊಸದಲ್ಲ, ಅಲ್ವಾ?

ಚುನಾವಣೆಯನ್ನು ತರಗತಿಯಲ್ಲೇ ನಡೆಸಿದೆ. ಭೂತಾನಿನಲ್ಲಿ ಮೊದಲ ಸುತ್ತಿಗೆ ಎಲ್ಲ ಪಕ್ಷಗಳು, ಎರಡನೆಯದಕ್ಕೆ ಮುಂದಿರುವ ಎರಡೇ ಪಕ್ಷ. ಸೋತ ಪಕ್ಷದ ಹುಡುಗರು ಈಗ ಯಾರಿಗೆ ಓಟು ಹಾಕಬೇಕು ಅಂತ ದೊಡ್ಡ ಚರ್ಚೆಯೇ ಆಯಿತು. ಅಲ್ಲಿ ರಾಜರೇ ಮುಂದೆ ನಿಂತು ಪ್ರಜಾಪ್ರಭುತ್ವ ತಂದರು, 2008ರಲ್ಲಿ ಸಂವಿಧಾನ ಜಾರಿಯಾಯಿತು. ರಾಜರಿಗೂ 65ಕ್ಕೆ ನಿವೃತ್ತಿ. ಅದೇ 2008ರಲ್ಲಿ ನೇಪಾಳ ರಾಜರ ಆಳ್ವಿಕೆಯನ್ನೇ ತೆಗೆದುಹಾಕಿತು. ಎರಡೂ ಹಿಮಾಲಯದ ದೇಶ, ಒಂದೇ ವರ್ಷ, ಯಾಕೆ ಹೀಗೆ ಅಂತ ಒಬ್ಬ ಹುಡುಗಿ ಕೇಳಿದಳು. ಮುಂದಿನ ಪಾಠಕ್ಕೆ ನೇಪಾಳವನ್ನೇ ತೆಗೆದುಕೊಂಡಿದ್ದೇನೆ.