ವಿದೇಶಿ ಸಂಗಾತಿಯೊಂದಿಗೆ ಯುರೋಪಿಗೆ ಹೊರಟಿದ್ದೀರಾ? ಮೊದಲು ಮದುವೆ ಪತ್ರ ತೆಗೆದು ನೋಡಿ

ಜರ್ಮನಿಯವರನ್ನೋ ಇಟಲಿಯವರನ್ನೋ ಮದುವೆಯಾಗಿ ಬೆಂಗಳೂರಿನಲ್ಲಿ ಸಂಸಾರ ಹೂಡಿದವರು ಯುರೋಪಿಗೆ ಹೊರಟಾಗ ಮೊದಲು ಓಡುವುದು ವೀಸಾ ಏಜೆಂಟರ ಬಳಿಗೆ. ಎಡವಟ್ಟು ಅಲ್ಲಿಂದಲೇ ಶುರು. ಪ್ರವಾಸಕ್ಕೆ ಹೋಗುವವರಿಗೆ ಕೊಡುವ ಪಟ್ಟಿಯನ್ನೇ ಇವರ ಕೈಗೂ ತುರುಕುತ್ತಾರೆ: ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಹೋಟೆಲ್ ಬುಕಿಂಗ್. ನಿಮಗೆ ಬೇಕಾದದ್ದು ಅದಲ್ಲ.

1. ಯಾವ ಪಾಸ್‌ಪೋರ್ಟ್, ಯಾವ ದೇಶ?

ಒಕ್ಕೂಟದ ಪ್ರಜೆಗೂ ಅವರ ಕುಟುಂಬದವರಿಗೂ ಇನ್ನೊಂದು ಸದಸ್ಯ ದೇಶದಲ್ಲಿ ನೆಲೆಸುವ ಹಕ್ಕು ಕೊಡುವ ಐರೋಪ್ಯ ಒಕ್ಕೂಟದ 2004ರ ನಿರ್ದೇಶನ (ಸಂಖ್ಯೆ 2004/38) ಅನ್ವಯವಾಗುವುದು ಒಕ್ಕೂಟದ ಪ್ರಜೆ ತನ್ನದಲ್ಲದ ಸದಸ್ಯ ದೇಶದಲ್ಲಿ ನೆಲೆಸಲು ಹೋದಾಗ. ಜರ್ಮನ್ ಗಂಡನೊಂದಿಗೆ ಜರ್ಮನಿಗೇ ಹೋಗುವ ಮೈಸೂರಿನ ಹೆಂಡತಿಗೆ ಆ ದೇಶದ ಸ್ವಂತ ಕಾನೂನು; ಸಾಮಾನ್ಯವಾಗಿ ಎ1 (ತೀರಾ ಆರಂಭದ) ಮಟ್ಟದ ಜರ್ಮನ್ ಪರೀಕ್ಷೆ ಪಾಸಾಗಬೇಕು. ಅದೇ ದಂಪತಿ ನೆದರ್‌ಲ್ಯಾಂಡ್ಸ್‌ಗೆ ಹೋದರೆ ಭಾಷೆಯ ಪರೀಕ್ಷೆಯೇ ಇಲ್ಲ. ತಮಾಷೆಯೆಂದರೆ, ಡಚ್ (ಅಂದರೆ ನೆದರ್‌ಲ್ಯಾಂಡ್ಸ್‌ನ) ಗಂಡನ ಜೊತೆ ಅದೇ ದೇಶದ ಆಮ್‌ಸ್ಟರ್‌ಡ್ಯಾಮ್‌ಗೆ ಹೊರಟವಳು ಹೊರಡುವ ಮೊದಲೇ ಡಚ್ ಪರೀಕ್ಷೆ ಬರೆಯಬೇಕು.

ಈ ಸಂದಿಯಲ್ಲಿ ‘ಬೆಲ್ಜಿಯಂ ದಾರಿ’ ಮಾರುವವರಿದ್ದಾರೆ: ಡಚ್ ಸಂಗಾತಿಯೊಂದಿಗೆ ಕೆಲಕಾಲ ಪಕ್ಕದ ಬೆಲ್ಜಿಯಂನಲ್ಲಿದ್ದು ನೆದರ್‌ಲ್ಯಾಂಡ್ಸ್‌ಗೆ ಮರಳುವುದು. ದಾರಿಯೇನೋ ಕಾನೂನುಬದ್ಧವೇ. ಇನ್ನೊಂದು ಸದಸ್ಯ ದೇಶದಲ್ಲಿ ದುಡಿದು ಸಂಗಾತಿಯೊಂದಿಗೆ ತಾಯ್ನಾಡಿಗೆ ಮರಳುವವರಿಗೂ ಒಕ್ಕೂಟದ ಹಕ್ಕು ಉಂಟೆಂದು 1992ರಲ್ಲಿ ಸುರಿಂದರ್ ಸಿಂಗ್ ಎಂಬ ಭಾರತೀಯನ ಪ್ರಕರಣದಲ್ಲಿ ಐರೋಪ್ಯ ನ್ಯಾಯಾಲಯ ಹೇಳಿತು. ಆದರೆ ಅಲ್ಲಿ ಮೂರು ತಿಂಗಳಿಗೂ ಮೀರಿ ನಿಜವಾಗಿ ಸಂಸಾರ ಮಾಡಿರಬೇಕು ಎಂಬುದು 2014ರ ತೀರ್ಪು. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ವಿಳಾಸವನ್ನಷ್ಟೇ ಬಾಡಿಗೆಗೆ ಕೊಡಿಸಿ ‘ಪ್ಯಾಕೇಜ್’ ಎನ್ನುವವರನ್ನು ಬಾಗಿಲಲ್ಲೇ ಸಾಗಹಾಕಿ.

ಮುಂದಿನದ್ದೆಲ್ಲ ಜರ್ಮನ್ ಸಂಗಾತಿಯೊಂದಿಗೆ ನೆದರ್‌ಲ್ಯಾಂಡ್ಸ್‌ಗೆ ಹೊರಟವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

2. ಕಾಗದಪತ್ರ: ಇಲ್ಲಿ ಅವಸರ ಬೇಡ

ಕಲ್ಯಾಣ ಮಂಟಪದಲ್ಲಿ ಧಾರೆ ಎರೆದಾಯಿತು, ಆಲ್ಬಂ ಇದೆ, ದೇವಸ್ಥಾನದ ರಸೀದಿಯೂ ಇದೆ ಎಂದು ನೆಮ್ಮದಿಯಾಗಿರುವವರೇ ಹೆಚ್ಚು. ಹಿಂದೂ ವಿವಾಹ ಕಾಯ್ದೆಗೆ ಇಬ್ಬರೂ ಹಿಂದೂಗಳಾಗಿರಬೇಕು. ಒಬ್ಬರು ಅಲ್ಲವೆಂದರೆ 1954ರ ವಿಶೇಷ ವಿವಾಹ ಕಾಯ್ದೆಯೇ ಗತಿ: ವಿವಾಹಾಧಿಕಾರಿಗೆ ನೋಟಿಸ್, 30 ದಿನ ಕಾಯುವಿಕೆ, ಮೂವರು ಸಾಕ್ಷಿಗಳು. ಶಾಸ್ತ್ರೋಕ್ತವಾಗಿ ಮೊದಲೇ ಮದುವೆಯಾದವರೂ ಇದೇ ಕಾಯ್ದೆಯಡಿ ನೋಂದಾಯಿಸಿಕೊಳ್ಳಬಹುದು.

ಇನ್ನು ಹೆಸರು. ನಮ್ಮವರ ಪಾಡು ನೋಡಿ: ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದಿರುತ್ತದೆ, ಮದುವೆ ಪತ್ರದಲ್ಲಿ ಅದೇ ‘ಎಚ್.ಎಸ್.’ ಆಗಿರುತ್ತದೆ. ಆ ಎರಡಕ್ಷರದೊಳಗೆ ಹೊಳೆನರಸೀಪುರವೂ ಶ್ರೀನಿವಾಸರಾಯರೂ ಅಡಗಿದ್ದಾರೆಂದು ಡಚ್ ಗುಮಾಸ್ತನಿಗೆ ಹೇಗೆ ತಿಳಿಯಬೇಕು? ಆದ್ದರಿಂದ ನೋಟಿಸ್ ಅರ್ಜಿ ತುಂಬುವಾಗಲೇ ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕಕ್ಷರ ಇಳಿಸಿ. ಸಹಿಗೆ ಮೊದಲು ಕರಡನ್ನು ಕೇಳಿ ಓದಿ. ಆಮೇಲಿನ ತಿದ್ದುಪಡಿಗೆ ಅಲೆದಾಟ ತಪ್ಪದು. ‘ಇಬ್ಬರೂ ಒಬ್ಬರೇ’ ಎಂಬ ನೋಟರಿ ಅಫಿಡವಿಟ್ಟನ್ನು ನೆಚ್ಚಿಕೊಂಡು ವಿಮಾನ ಹತ್ತಬೇಡಿ.

ಅಲ್ಲಿನ ಪುರಸಭೆ ಜನನ ಪತ್ರವನ್ನೂ ಕೇಳುತ್ತದೆ. ನಾಮಕರಣಕ್ಕೆ ಮೊದಲೇ ನೋಂದಣಿಯಾದ ಹಳೆಯ ಜನನ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದುಂಟು. ಈಗಲೇ ತೆಗೆದು ನೋಡಿ, ಖಾಲಿಯಿದ್ದರೆ ಜನನ ನೋಂದಣಾಧಿಕಾರಿಯ ಬಳಿ ಹೆಸರು ಸೇರಿಸಿಕೊಳ್ಳಿ.

ಎರಡೂ ಪತ್ರಗಳಿಗೆ ರಾಜ್ಯ ಸರ್ಕಾರದ ದೃಢೀಕರಣ, ಬಳಿಕ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ (ಪತ್ರ ಅಸಲಿಯೆಂದು ಹೊರದೇಶಕ್ಕೆ ಸಾರುವ ಮುದ್ರೆ) ಬೇಕು. ಅಪೋಸ್ಟಿಲ್‌ನ ಸರ್ಕಾರಿ ಶುಲ್ಕ ದಾಖಲೆಯೊಂದಕ್ಕೆ 50 ರೂಪಾಯಿ. ಸಾವಿರಗಟ್ಟಲೆ ಕೇಳುವುದು ಮಧ್ಯವರ್ತಿಯ ಓಡಾಟಕ್ಕೆ. ಮೂಲ ಪತ್ರಕ್ಕೆ ಲ್ಯಾಮಿನೇಷನ್ ಮಾತ್ರ ಮಾಡಿಸಲೇಬೇಡಿ. ಜೋಪಾನವಾಗಿರಲಿ ಎಂದು ಪ್ಲಾಸ್ಟಿಕ್ ಹೊದಿಸಿಬಿಟ್ಟರೆ ಅದರ ಮೇಲೆ ಮುದ್ರೆ ಕೂರುವುದಿಲ್ಲ, ಹೊಸ ಪ್ರತಿಗೆ ಮತ್ತೆ ಸರತಿ. ಪತ್ರ ಕನ್ನಡದಲ್ಲಿದ್ದರೆ ಪ್ರಮಾಣೀಕೃತ ಅನುವಾದ ಬೇಕು. ಇಂಗ್ಲಿಷ್, ಜರ್ಮನ್, ಫ್ರೆಂಚ್ ಆದರೆ ಡಚ್ಚರು ಹಾಗೆಯೇ ಓದಿಕೊಳ್ಳುತ್ತಾರೆ. ಅನುವಾದವನ್ನು ಅಪೋಸ್ಟಿಲ್ ಆದ ಮೇಲೆಯೇ ಮಾಡಿಸಿ.

3. ವೀಸಾ

ಪ್ರವೇಶ ವೀಸಾಕ್ಕೆ ಶುಲ್ಕವಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾದ ಅರ್ಜಿಯಲ್ಲಿ ನಕ್ಷತ್ರದ ಗುರುತಿರುವ ಕಲಮುಗಳನ್ನು ನೀವು ತುಂಬಬೇಕಿಲ್ಲ. ಪ್ರಯಾಣ ವಿಮೆಯೂ ಬೇಡ. ಮದುವೆ ಪತ್ರ, ಇಬ್ಬರ ಪಾಸ್‌ಪೋರ್ಟ್, ಜೊತೆಯಾಗಿ ಹೋಗುವುದಕ್ಕೆ ಅಥವಾ ಅಲ್ಲಿರುವ ಸಂಗಾತಿಯನ್ನು ಸೇರುವುದಕ್ಕೆ ಪುರಾವೆ, ಇಷ್ಟು ಸಾಕು. ಕೌಂಟರಿನಲ್ಲಿ ಸಂಬಳದ ಚೀಟಿ ಕೇಳಿದರೆ ದನಿ ಏರಿಸದೆ ನಿರ್ದೇಶನದ 5ನೇ ವಿಧಿಯನ್ನು ತೋರಿಸಿ. ಸಂಗಾತಿಗಿಂತ ಮೊದಲೇ ಒಬ್ಬರೇ ಹೋಗಿ ಮನೆ ಹುಡುಕುವ ಯೋಚನೆ ಕೈಬಿಡಿ. ನಿಮ್ಮ ಹಕ್ಕು ಅವರ ಜೊತೆಗಿರುವಾಗಿನದು.

4. ವಿಳಾಸ

ನಾಲ್ಕು ತಿಂಗಳಿಗಿಂತ ಹೆಚ್ಚು ಇರುವವರು ಬಂದ ಐದು ದಿನದೊಳಗೆ ಪುರಸಭೆಗೆ ತಿಳಿಸಬೇಕು. ‘ನೋಂದಣಿಗೆ ಅವಕಾಶವಿಲ್ಲ’ ಎಂಬ ಷರತ್ತಿನ ಅಗ್ಗದ ಕೋಣೆಗಳು ಬೇಕಾದಷ್ಟಿವೆ. ಬಾಡಿಗೆ ಎಷ್ಟೇ ಕಡಿಮೆಯಿರಲಿ, ಹಿಡಿಯಬೇಡಿ. ನೋಂದಣಿಯಾದರೇ ಸಿಗುವ ನಾಗರಿಕ ಸಂಖ್ಯೆಯಿಲ್ಲದೆ ಅಲ್ಲಿ ಯಾವ ಕೆಲಸವೂ ಸಲೀಸಾಗುವುದಿಲ್ಲ.

5. ನಿವಾಸ ಕಾರ್ಡ್

ಮೂರು ತಿಂಗಳಿಗಿಂತ ಹೆಚ್ಚು ನಿಲ್ಲಲು ಜರ್ಮನ್ ಸಂಗಾತಿಗೆ ನೌಕರಿ ಅಥವಾ ಸ್ವಂತ ಉದ್ಯೋಗ ಇರಬೇಕು. ಇಲ್ಲವೆಂದರೆ ಸಾಕಷ್ಟು ಹಣ, ಜೊತೆಗೆ ಆರೋಗ್ಯ ವಿಮೆ. ಅರೆಕಾಲಿಕ ಕೆಲಸವೂ ನಡೆಯುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲೇ ಹೋಟೆಲಿನ ಕೋಣೆ ಗುಡಿಸುತ್ತಿದ್ದ ಲೆವಿನ್ ಎಂಬ ಬ್ರಿಟಿಷ್ ಮಹಿಳೆಯ ಪ್ರಕರಣದಲ್ಲಿ, ದುಡಿಮೆ ನಿಜವಾದದ್ದಾದರೆ ಸಾಕೆಂದು 1982ರಲ್ಲೇ ತೀರ್ಮಾನವಾಗಿದೆ. ಅರ್ಜಿ ವಲಸೆ ಇಲಾಖೆಗೆ. ಸಲ್ಲಿಸಿದ ಕೂಡಲೇ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ, ಕಾರ್ಡ್ ಕೊಡಲು ಇಲಾಖೆಗೆ ಆರು ತಿಂಗಳ ಗಡುವಿದೆ. ಕೆಲಸ ಮಾಡುವ ಹಕ್ಕು ನಿಮಗೂ ಉಂಟು, ಬೇರೆ ಪರವಾನಗಿ ಬೇಡ.

ಕಾರ್ಡ್ ಐದು ವರ್ಷದ್ದು. ಐದು ವರ್ಷ ಸತತವಾಗಿ ಕಳೆದರೆ ಕಾಯಂ ವಾಸದ ಹಕ್ಕು. ವರ್ಷಕ್ಕೆ ಒಟ್ಟು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಲೆಕ್ಕ ತಪ್ಪುತ್ತದೆ. ಹೆರಿಗೆ, ಬಾಣಂತನಕ್ಕೆಂದು ತವರಿಗೆ ಬರುವವರು ಹೆದರಬೇಕಿಲ್ಲ: ಇಂಥ ಕಾರಣಕ್ಕೆ ಒಂದು ಸಲ ಸತತ 12 ತಿಂಗಳವರೆಗೆ ಹೊರಗಿರಲು ಅವಕಾಶವಿದೆ. ಆಸ್ಪತ್ರೆಯ ಕಾಗದಗಳನ್ನು ಮಾತ್ರ ಇಂಗ್ಲಿಷಿನಲ್ಲೇ ಬರೆಸಿಕೊಂಡು ಜೊತೆಗೆ ಒಯ್ಯಿರಿ.